ಆಸ್ಯಮ್ಮನ ಅಂಗಡಿಯೆದುರು ನಿಂತ ಕಾರು

ಮಾವ ಹೋಟೆಲು ಕೊಡಲಿಲ್ಲ ಎಂಬುದನ್ನು ಶೋಧನ್ ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಅದರ ಬದಲಿಗೆ ಕಾರು ಕೊಟ್ಟದ್ದನ್ನು ಮಾತ್ರ ನುಂಗಲಾಗಲಿಲ್ಲ.

ಬಂಟ್ವಾಳದ ಹೋಟೆಲು ಅವನ ತಾಯಿಯ ಅಣ್ಣ ಮುಂಡಪ್ಪನವರದು. ಅವರು ಕರೆದರೆಂದೇ ಶೋಧನ್ ಮಸ್ಕತ್ತಿನ ಕೆಲಸ ಬಿಟ್ಟು ಬಂದಿದ್ದ. ಬೆಳಗ್ಗೆ ಬನ್ಸಿನ ಹಿಟ್ಟು ಉಬ್ಬಿದೆಯೇ ಎಂದು ನೋಡುವುದರಿಂದ ಹಿಡಿದು ಶಟರ್ ಎಳೆಯುವವರೆಗೆ ಎಲ್ಲವೂ ಅವನದೇ ಮೇಲ್ವಿಚಾರಣೆ. ಮಾವನಿಗೆ ಮಕ್ಕಳಿಲ್ಲ, ಅತ್ತೆ ತೀರಿಹೋಗಿ ವರ್ಷಗಳಾಗಿದ್ದವು. ಹೋಟೆಲು ತನಗಲ್ಲದೆ ಇನ್ಯಾರಿಗೆ ಬರಬೇಕು ಎಂದು ಅವನು ಯಾರನ್ನೂ ಕೇಳಿರಲಿಲ್ಲ. ಕೇಳುವ ಅಗತ್ಯವೇ ಕಂಡಿರಲಿಲ್ಲ. ಆದರೆ ಬಿಸು ಹಬ್ಬದ ಊಟಕ್ಕೆ ನೆಂಟರೆಲ್ಲ ಸೇರಿದ್ದಾಗ ಮುಂಡಪ್ಪನವರು ಪಾಯಸದ ನಡುವೆ, ಹೋಟೆಲನ್ನು ಅಡುಗೆಮನೆ ನೋಡಿಕೊಳ್ಳುತ್ತಿದ್ದ ಸಂಕಪ್ಪನಿಗೆ ಬಿಟ್ಟುಕೊಡುವುದೆಂದು ತೀರ್ಮಾನಿಸಿದ್ದೇನೆ ಎಂದರು. ಗಿರಾಕಿಗಳು ಬರುವುದು ಅವನ ಕೈರುಚಿಗೆ ಎಂದರು. ಆಮೇಲೆ ಶೋಧನ್‌ನ ಕಡೆ ತಿರುಗಿ ನಕ್ಕು, “ನಿನಗೆ ನನ್ನ ಕಾರು ಇರಲಿ. ಸಣ್ಣವನಿರುವಾಗ ಅದರ ಹಿಂದೆಯೇ ಓಡ್ತಿದ್ದೆಯಲ್ಲ” ಎಂದರು. ಎಲ್ಲರೂ ನಕ್ಕರು. ಅಳುವ ಮಗುವಿನ ಕೈಗೆ ಆಟಿಕೆ ಕೊಟ್ಟಂತೆ.

ಅದು ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು. ಮುಂಡಪ್ಪನವರು ಮುಂಬಯಿಯಲ್ಲಿದ್ದ ಕಾಲದಲ್ಲಿ ಕೊಂಡು ಘಟ್ಟ ಸುತ್ತಿಸಿ ತಂದದ್ದು. ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ಅದನ್ನು ನೋಡದವರಿರಲಿಲ್ಲ.

ಹೋಟೆಲಿನ ಕಾಗದಪತ್ರ ಮಳೆಗಾಲ ಕಳೆದ ಮೇಲೆ ಮಾಡುವುದೆಂದು ಮಾವ ಹೇಳಿದ್ದರು. ಅಂದರೆ ಅಷ್ಟರೊಳಗೆ ಮಾವ ಇಲ್ಲವಾದರೆ ಎಲ್ಲವೂ ತಾಯಿಯ ಮೂಲಕ ತನ್ನ ಕೈಗೇ ಬರುತ್ತದೆ. ಮೊದಲ ಸಲ ಹಾಗೆ ಯೋಚಿಸಿದಾಗ ಶೋಧನ್‌ಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಮೂರನೆಯ ಸಲಕ್ಕೆ ಅದೊಂದು ಲೆಕ್ಕದಂತೆ ಕಂಡಿತು. ಆಮೇಲೆ ಬಿಡಿಸಿಯೇ ಬಿಡಬೇಕಾದ ಲೆಕ್ಕ.

ವೇಣೂರಿನ ಹೊರಗೆ, ಫಲ್ಗುಣಿ ಹೊಳೆಯ ಆಚೆ ದಡದಲ್ಲಿ ಮಾವನ ಮನೆ. ಬೇಸಿಗೆಯಲ್ಲಿ ತರಕಾರಿ ಗದ್ದೆಗೆ ನೀರು ಬಿಡಲು ಅವರು ಪ್ರತಿ ಸಂಜೆ ಹೊಳೆಬದಿಯ ಪಂಪ್ ಶೆಡ್ಡಿಗೆ ಇಳಿಯುತ್ತಾರೆ, ಬರಿಗಾಲಲ್ಲಿ, ಒದ್ದೆ ನೆಲದಲ್ಲಿ ನಿಂತು ಹಳೆಯ ಕಬ್ಬಿಣದ ಸ್ವಿಚ್ಚು ಎತ್ತುತ್ತಾರೆ. ಪಂಪ್ ಶೆಡ್ಡಿನಲ್ಲಿ ಶಾಕ್ ಹೊಡೆದು ಸತ್ತರೆಂದರೆ ಈ ಕಡೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಮಸ್ಕತ್ತಿನಲ್ಲಿ ಎಲೆಕ್ಟ್ರಿಕ್ ಕೆಲಸವನ್ನೇ ಮಾಡಿದ್ದ ಶೋಧನ್‌ಗೆ ಒಂದು ವೈರು ಇರಬಾರದ ಕಡೆ ಇರುವಂತೆ ಮಾಡುವುದು ಕಷ್ಟದ ಮಾತಲ್ಲ.

ಕೇಳಿದರೆ? ಅದಕ್ಕೂ ಉತ್ತರವಿತ್ತು. ಹೊಳೆಯ ಈಚೆ, ದೊಡ್ಡ ರಸ್ತೆಯಲ್ಲಿ, ಆಸ್ಯಮ್ಮನ ಸೋಡಾ ಶರಬತ್ತಿನ ಅಂಗಡಿ. ರಸ್ತೆಯಲ್ಲಿ ಹೋದರೆ ಮಾವನ ಮನೆಗೆ ಸೇತುವೆ ಸುತ್ತಿಕೊಂಡು ಹೋಗಬೇಕು. ಆದರೆ ಅಂಗಡಿಯ ಹಿಂದಿನ ಗುಡ್ಡೆ ಇಳಿದರೆ ಕಿಂಡಿ ಅಣೆಕಟ್ಟು. ಅದರ ಮೇಲೆ ನಡೆದು ದಾಟಿದರೆ ಪಂಪ್ ಶೆಡ್ಡು ಅಲ್ಲೇ. ಮೂಡುಬಿದಿರೆಯಲ್ಲಿ ಕೆಲಸ ಮುಗಿಸಿ ಬೆಳ್ತಂಗಡಿಗೆ ಹೊರಟವನ ಕಾರು ಆಸ್ಯಮ್ಮನ ಅಂಗಡಿಯೆದುರು ಕೆಟ್ಟು ನಿಲ್ಲಬೇಕು. ಆ ಕೆಂಪು ಕಾರು ಬಾನೆಟ್ ತೆರೆದುಕೊಂಡು ನಿಂತರೆ ಊರೇ ನೆನಪಿಡುತ್ತದೆ. ಕಾರಿನ ಪಕ್ಕದಲ್ಲಿ ಅದರ ಯಜಮಾನ ಸ್ವಲ್ಪ ಹೊತ್ತು ಇರಲಿಲ್ಲವೆಂಬುದನ್ನು ಯಾರೂ ನೆನಪಿಡುವುದಿಲ್ಲ. ಎಂಜಿನ್ನಿನೊಳಗಿಂದ ಯಾವ ಸಣ್ಣ ಭಾಗ ಕಿತ್ತು ಜೇಬಿಗೆ ಹಾಕಿಕೊಂಡರೆ ಅದು ಸ್ಟಾರ್ಟ್ ಆಗುವುದಿಲ್ಲವೆಂದು ಅವನು ತಿಳಿದುಕೊಂಡಿದ್ದ. ಎಂಜಿನ್ನಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಬೆಳಗ್ಗೆ ಮನೆಯಿಂದ ಹೊರಡುವಾಗಲೇ ಹೆಂಡತಿ ತೃಷಾಳಿಗೆ ಬೆಳ್ತಂಗಡಿಗೆ ಹೋಗಿ ತಡವಾಗಿ ಬರುವೆನೆಂದು ಹೇಳಿ, ಮೇ ತಿಂಗಳ ಒಂದು ಉರಿಬಿಸಿಲಿನ ಮಧ್ಯಾಹ್ನ ಅವನು ಮೂಡುಬಿದಿರೆ ಬಿಟ್ಟ.

ವೇಣೂರು ಇನ್ನೂ ದೂರವಿರುವಾಗಲೇ ಕಾರು ಕೆಮ್ಮಿತು. ಒಮ್ಮೆ ಜಗ್ಗಿತು, ಮತ್ತೆ ಓಡಿತು, ಏರಿನಲ್ಲಿ ಉಸಿರು ಬಿಟ್ಟು ನಿಂತೇಹೋಯಿತು. ಶೋಧನ್ ಕೀ ತಿರುಗಿಸಿದ. ಎಂಜಿನ್ನು ಗರಗರ ಸುತ್ತಿತೇ ಹೊರತು ಹಿಡಿಯಲಿಲ್ಲ. ಬಾನೆಟ್ ಎತ್ತಿದರೆ ಬಾಣಲೆಯ ಮುಂದೆ ನಿಂತಂತೆ ಕಾವು ಮುಖಕ್ಕೆ ಹೊಡೆಯಿತು. ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು, ಒಂದೂ ತಿಳಿಯಲಿಲ್ಲ. ಸುತ್ತ ಒಂದು ಮನೆಯಿಲ್ಲ, ನೆರಳಿಲ್ಲ. ತಾನು ನಾಟಕಕ್ಕೆ ಸಿದ್ಧಮಾಡಿಕೊಂಡಿದ್ದ ಮುಖವೇ ಈಗ ನಿಜವಾಗಿ ತನ್ನ ಮೇಲೆ ಕೂತಿದೆಯೆಂದು ಅನಿಸಿ ಅವನಿಗೆ ಅಳುವೇ ಬಂದಂತಾಯಿತು. ಎಷ್ಟು ಸಲ ಕೀ ತಿರುಗಿಸಿದನೋ, ಕೊನೆಗೆ ಬ್ಯಾಟರಿಯೂ ದಣಿದು ದನಿ ಕುಗ್ಗಿಸಿತು.

ಹೂಕೋಸು ತುಂಬಿಕೊಂಡು ಬರುತ್ತಿದ್ದ ಪಿಕಪ್ ಒಂದು ನಿಂತಿತು. ಓಡಿಸುತ್ತಿದ್ದವನು ಅಬ್ದುಲ್ ರವೂಫ್, ವೇಣೂರಿನವನೇ. ಇಳಿದವನೇ ಕಾರಿನ ಬಾಗಿಲು ಸವರಿ, ಇದು ಮುಂಡಪ್ಪಣ್ಣನ ಕಾರಲ್ಲವಾ ಎಂದು ಕೇಳಿದ. ಮತ್ತೆ ಯಾವ ಮಾತಿಗೂ ಕಾಯದೆ ಹಗ್ಗ ತೆಗೆದು ಕಟ್ಟಿದ. ಎಳೆದುಕೊಂಡು ಹೋಗುವುದು ಎಲ್ಲಿಗೆ ಎಂದು ಅವನು ಕೇಳಿದಾಗ ಶೋಧನ್‌ಗೆ ಹೋದ ಜೀವ ಬಂತು. ಆಸ್ಯಮ್ಮನ ಅಂಗಡಿಯ ಹತ್ತಿರ ಬಿಟ್ಟರೆ ಸಾಕೆಂದ. ಸುಳ್ಳು ಹೇಳಬೇಕಾದಲ್ಲಿ ವಿಧಿಯೇ ನಿಜ ಒದಗಿಸಿತ್ತು. ಇನ್ನು ಯಾವ ಭಾಗವನ್ನೂ ಕೀಳಬೇಕಾಗಿಲ್ಲ, ಯಾವ ಮೆಕ್ಯಾನಿಕ್ ಬಂದು ನೋಡಿದರೂ ಕಾರು ನಿಜಕ್ಕೂ ಕೆಟ್ಟಿತ್ತೆಂದೇ ಸಾಕ್ಷಿ ಹೇಳುತ್ತಾನೆ.

ಆಸ್ಯಮ್ಮ ಶರಬತ್ತು ಮಾಡಿ ಕೊಟ್ಟಳು. ರಸ್ತೆಬದಿಯಲ್ಲಿ ನಾಲ್ಕಾರು ಜನ ಸೇರಿದರು. ಎಂಜಿನ್ನಿನೊಳಗೆ ಇಣುಕಿ ಒಬ್ಬೊಬ್ಬರು ಒಂದೊಂದು ಹೇಳಿದರು. ಶೋಧನ್ ಎಲ್ಲದಕ್ಕೂ ತಲೆಯಾಡಿಸಿ, ಕೈಗೆ ಹತ್ತಿದ ಮಸಿ ತೋರಿಸಿ, ಹೊಳೆಯಲ್ಲಿ ಕೈಕಾಲು ಮುಖ ತೊಳೆದು ಮರದ ಬುಡದಲ್ಲಿ ಸ್ವಲ್ಪ ಅಡ್ಡಾಗಿ ಬರುತ್ತೇನೆ ಎಂದು ಗುಡ್ಡೆ ಇಳಿದ. ಯಾರೂ ಅವನತ್ತ ನೋಡಲಿಲ್ಲ. ಎಲ್ಲರ ಕಣ್ಣೂ ಕಾರಿನ ಮೇಲಿತ್ತು.

ಅಣೆಕಟ್ಟಿನ ಮೇಲೆ ನರಪಿಳ್ಳೆಯಿರಲಿಲ್ಲ. ತೆಂಗಿನ ಮರೆಯಲ್ಲಿ ಮಾವನ ಮನೆಯ ಹೆಂಚು ಮಾತ್ರ ಕಾಣುತ್ತಿತ್ತು. ಶೆಡ್ಡಿನ ಮಬ್ಬಿನಲ್ಲಿ ಅವನ ಬೆರಳುಗಳು ತಾವೇ ತಾವಾಗಿ ಕೆಲಸ ಮಾಡಿದವು. ಮುಗಿಸಿ, ಮೈನ್ ಮತ್ತೆ ಹಾಕಿ, ಬಾಗಿಲು ಮೊದಲಿದ್ದಂತೆಯೇ ಎಳೆದು, ಬಂದ ದಾರಿಯಲ್ಲೇ ಹಿಂದಿರುಗಿದ. ಹೊಳೆಯಲ್ಲಿ ಕೈಯ ಮಸಿ ಉಜ್ಜಿ ತೊಳೆದ.

ಗುಡ್ಡೆ ಹತ್ತಿ ರಸ್ತೆಗೆ ಬಂದವನು ಅಲ್ಲೇ ನಿಂತ. ಕಾರಿನ ಎಂಜಿನ್ನಿನ ಮೇಲೆ ಬಗ್ಗಿದ್ದ ಬಿಳಿತಲೆ ಮೇಲೆದ್ದಿತು. ಮುಂಡಪ್ಪನವರು. ಪಕ್ಕದಲ್ಲಿ ಅವರ ಹಳೆಯ ಟೂಲ್ ಪೆಟ್ಟಿಗೆ, ಆಚೆ ನಿಂತ ಒಂದು ರಿಕ್ಷಾ.

ಫೋನು ಮಾಡಿದ್ದು ತಾನೇ ಎಂದು ಆಸ್ಯಮ್ಮ ಸಮಾಧಾನದಿಂದ ಹೇಳಿದಳು. ಈ ಕಾರು ಎಲ್ಲಿ ನಿಂತರೂ ಜನ ಮೆಕ್ಯಾನಿಕ್ಕನ್ನಲ್ಲ, ಮುಂಡಪ್ಪಣ್ಣನನ್ನೇ ಕರೆಯುವುದು, ಮೊದಲಿಂದಲೂ ಹಾಗೆಯೇ ಎಂದಳು. ರಿಕ್ಷಾ ಸೇತುವೆ ಸುತ್ತಿ ಬಂದಿತ್ತು.

“ಇದಕ್ಕೇನೂ ಆಗಲಿಲ್ಲ ಮಾರಾಯ” ಎಂದರು ಮಾವ. “ಸೆಕೆಗೆ ಪೆಟ್ರೋಲು ಪೈಪಿನೊಳಗೇ ಆವಿಯಾಗ್ತದೆ. ಒದ್ದೆ ಬಟ್ಟೆ ಸುತ್ತಿ ಕಾಯಬೇಕು, ಅಷ್ಟೇ. ನಿನಗೆ ಹೇಳಿಕೊಡಬೇಕು ಅಂತ ಇದ್ದೆ. ನೀನು ಬಿಸು ಕಳೆದ ಮೇಲೆ ಈ ಕಡೆ ತಲೆಯೇ ಹಾಕಲಿಲ್ಲ.”

ಆಸ್ಯಮ್ಮ ಮಡಕೆಯ ತಣ್ಣೀರು ತಂದುಕೊಟ್ಟಳು. ಮಾವ ಪೈಪಿಗೆ ಬಟ್ಟೆ ಸುತ್ತಿ, ಮಗುವಿನ ಹಣೆಗೆ ಪಟ್ಟಿ ಹಾಕುವವರಂತೆ ಮೆಲ್ಲಗೆ ನೀರು ಹನಿಸಿದರು. ಪರವಾಗಿಲ್ಲ, ಶೋಧನ್ ತನಗೇ ಹೇಳಿಕೊಂಡ. ಮಾವ ಸಂಜೆ ಮನೆಗೆ ಹಿಂದಿರುಗುತ್ತಾರೆ. ಸ್ವಿಚ್ಚು ಎಲ್ಲಿಗೂ ಹೋಗುವುದಿಲ್ಲ. ಇಂದಲ್ಲದಿದ್ದರೆ ನಾಳೆ.

“ತೃಷಾ ಬೆಳಗ್ಗಿನ ಬಸ್ಸಿಗೆ ಬಂದಿದ್ದಾಳೆ” ಎಂದರು ಮಾವ, ತಲೆಯೆತ್ತದೆ. “ನಿನಗೆ ಹೇಳದೆ ಬಂದದ್ದಂತೆ. ನನಗೆ ಸರಿಯಾಗಿ ಬೈದಳು. ಅವರ ಬೆವರಿಗೆ ಬೆಲೆಯೇ ಇಲ್ಲವಾ ಅಂತ ಕೇಳಿದಳು. ಹೌದು, ನಾನು ನಿನ್ನ ಹತ್ತಿರ ಒಂದು ಮಾತು ಕೇಳಬೇಕಿತ್ತು. ಕಾರು ಸರಿಯಾದ ಮೇಲೆ ಮನೆಗೆ ಹೋಗುವ, ಕೂತು ಮಾತಾಡುವ. ಗದ್ದೆಗೆ ನೀರಿನ ಹೊತ್ತಾಯ್ತು. ಪಂಪು ಹಾಕ್ಲಿಕ್ಕೆ ಅವಳಿಗೇ ಹೇಳಿ ಬಂದಿದ್ದೇನೆ.”

ಶೋಧನ್ ಹೊಳೆಯ ಕಡೆ ತಿರುಗಿದ. ಜೇಬಿನಿಂದ ಫೋನು ತೆಗೆದು ತೃಷಾಳಿಗೆ ಮಾಡಿದ. ಅವಳು ಬೇರೊಂದು ಕರೆಯಲ್ಲಿದ್ದಾಳೆಂದು ಯಂತ್ರದ ಹೆಣ್ಣುದನಿ ಹೇಳಿತು. ಮತ್ತೆ ಮಾಡಿದ. ಅದೇ ದನಿ. ಕಾರು ಕದಲುವುದಿಲ್ಲ, ರಸ್ತೆ ದೂರ, ಅಣೆಕಟ್ಟಿನ ಮೇಲೆ ಓಡಿದರೂ ತಲುಪುವಷ್ಟರಲ್ಲಿ ಅವಳು ಶೆಡ್ಡಿನ ಮೆಟ್ಟಿಲು ಇಳಿದಿರುತ್ತಾಳೆ. ಮಾವನ ತೋಳು ಹಿಡಿದುಕೊಂಡ.

“ಅವಳು ಶೆಡ್ಡಿಗೆ ಹೋಗಬಾರದು ಮಾವ. ಪಕ್ಕದ ಮನೆಯವರಿಗೆ ಫೋನು ಮಾಡಿ. ಆ ಸ್ವಿಚ್ಚು ಮುಟ್ಟಿದರೆ ಸತ್ತು ಹೋಗ್ತಾಳೆ. ನಾನೀಗ ನೋಡಿ ಬಂದದ್ದು, ನಾನೇ...”

ಮಾತು ಅಲ್ಲಿಗೆ ನಿಂತಿತು. ಆದರೆ ಅಷ್ಟು ಸಾಕಿತ್ತು. ರವೂಫ್ ಕಾರಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಆಸ್ಯಮ್ಮ ಮಡಕೆಯನ್ನು ಕೆಳಗಿಟ್ಟು, ಅವನು ಇಳಿದುಹೋಗಿದ್ದ ಗುಡ್ಡೆಯ ದಾರಿಯನ್ನೂ ಅವನ ತೊಳೆದ ಕೈಗಳನ್ನೂ ನೋಡಿದಳು. ಅವನು ಇಡೀ ಮಧ್ಯಾಹ್ನ ಇಲ್ಲೇ ಇದ್ದನೆಂದು ಹೇಳಬೇಕಾಗಿದ್ದವರೆಲ್ಲ ಸುತ್ತ ನಿಂತಿದ್ದರು. ಮುಂಡಪ್ಪನವರು ತಮ್ಮ ತೋಳಿನ ಮೇಲಿದ್ದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಹೊಳೆಯ ಆಚೆಯಿಂದ ಪಂಪು ಓಡುವ ಸದ್ದು ಸಣ್ಣಗೆ ಕೇಳಿಬರುತ್ತಿತ್ತು. “ಆ ಸ್ವಿಚ್ಚನ್ನು ಈಗ ಯಾರೂ ಮುಟ್ಟುವುದಿಲ್ಲ, ಶೋಧನ್” ಎಂದರು ಕೊನೆಗೆ. “ಬಿಸು ಕಳೆದ ಮೇಲೆ ಪಂಪಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದೆ. ಬಾಗಿಲ ಹಿಂದಿನ ಗೋಡೆಯಲ್ಲಿ ಅದರ ಪೆಟ್ಟಿಗೆ ಉಂಟು. ತೃಷಾ ಚಾವಡಿಯಲ್ಲಿ ಕೂತುಕೊಂಡು ಫೋನು ಮಾಡಿದ್ದಾಳೆ, ಅಷ್ಟೇ.”