ನಲವತ್ತು ಮನೆಗಳ ದಿನಚರಿ

"ನಾ ಸುಳ್ಳು ಬರ್ದಿಲ್ಲ ಕಣಮ್ಮಾ. ಮನೆಮನೆಗೂ ಓಗಿ ಕೇಳ್ಕಂಡು ಬಂದೆ. ನಾಳೆ ನನ್ನ ಪಿಎಚ್‌ಡಿ ರದ್ದು ಮಾಡ್ತಾರಂತೆ!"

ಹಾಸನದ ಮನೆಯ ಜಗಲಿಯಲ್ಲಿ ಕವನಾ ಬಿಕ್ಕುತ್ತಿದ್ದಳು. ಕಾರ್ಮಿಕ ಇಲಾಖೆಯ ನಿವೃತ್ತ ಇನ್‌ಸ್ಪೆಕ್ಟರ್ ಕಾಮಾಕ್ಷಮ್ಮನವರು ಪೂರ್ತಿ ಕೇಳಿಸಿಕೊಂಡರು. ಊರಿನ ಗೋಜಲುಗಳೆಲ್ಲ ಅವರ ಬಾಗಿಲಿಗೇ ಬರುತ್ತಿದ್ದವು. ಹಳೆಯ ಹೆಡ್‌ಕಾನ್‌ಸ್ಟೇಬಲ್ ಆದ ನಾನು, ಶಿವಯ್ಯ, ಸದಾ ಅವರ ಜೊತೆಗಿರುತ್ತಿದ್ದೆ.

ಕವನಾ ನುಗ್ಗೇಹಳ್ಳಿಯ ಕೂಲಿಯವರ ಮಗಳು. ತನ್ನ ಪಿಎಚ್‌ಡಿ ಮಾರ್ಗದರ್ಶಕರಾದ ಅರ್ಥಶಾಸ್ತ್ರದ ಪ್ರೊಫೆಸರ್ ಚಂದ್ರಶೇಖರಯ್ಯನವರ ಸಂಶೋಧನೆಗಾಗಿ ತನ್ನೂರಿನ ನಲವತ್ತು ಮನೆಗಳವರು ಒಂದು ವಾರ ಮಾಡಿದ ಕೆಲಸವನ್ನು ದಿನದಿನವೂ ಬರೆದುಕೊಂಡಿದ್ದಳು. ಆ ಹಾಳೆಗಳು ಪ್ರೊಫೆಸರರ ಕಚೇರಿಯ ಬೀರುವಿನಿಂದ ಮಾಯವಾಗಿದ್ದವು. ಅವುಗಳಿಂದ ಕಂಪ್ಯೂಟರಿಗೆ ಏರಿಸಿದ್ದ ವಿವರ ಊರವರ ಮಾತಿಗೆ ಹೊಂದುತ್ತಿಲ್ಲವೆಂದು ವಿಶ್ವವಿದ್ಯಾಲಯದ ತಪಾಸಣೆಯವರು ಹೇಳಿದಾಗ, ಪ್ರೊಫೆಸರರು ಕವನಾಳತ್ತ ಬೆರಳು ತೋರಿಸಿದ್ದರು.

ಬೀರುವಿನ ಕೀ, ಕಂಪ್ಯೂಟರಿನ ಪಾಸ್‌ವರ್ಡ್ ಇದ್ದದ್ದು ಮೂವರ ಬಳಿ: ಕವನಾ, ಅರಕಲಗೂಡಿನ ರೈತರ ಮಗ ಗುಮಾಸ್ತ ದೇವರಾಜ್, ಮತ್ತು ಪ್ರೊಫೆಸರ್. ಪ್ರೊಫೆಸರರ ಮೂಲ ಹೊಳೆನರಸೀಪುರವಾದರೂ ಬೆಳೆದದ್ದೆಲ್ಲ ದೆಹಲಿ. ನನ್ನ ಕಣ್ಣು ದೇವರಾಜನ ಮೇಲಿತ್ತು. ಅಂದೇ ನಾವು ಕಚೇರಿಗೆ ಹೋದಾಗ ನಮ್ಮನ್ನು ಕಂಡೊಡನೆ ಅವನು ಬೆವರಿದ್ದ.

ಕಂಪ್ಯೂಟರಿನ ಪ್ರಿಂಟ್ ತಂದು ನಾನೇ ಓದಿದೆ: "ಸೋಮವಾರ, ಎತ್ತು ಕಟ್ಟಿ ಉಳುಮೆ. ಮಂಗಳವಾರ, ಎತ್ತು ಕಟ್ಟಿ ಉಳುಮೆ..." ಎಲ್ಲ ಮನೆಗೂ ವಾರವಿಡೀ ಕೆಲಸ. ಚನ್ನರಾಯಪಟ್ಟಣದ ಪೇಟೆಯಲ್ಲಿ ಬೆಳೆದ ನನಗೆ ಏನೂ ಹೊಳೆಯಲಿಲ್ಲ.

"ಇನ್ನೊಂದ್ಸಲ ಓದಿ, ಶಿವಯ್ಯ," ಎಂದರು ಕಾಮಾಕ್ಷಮ್ಮನವರು.

ಮರುದಿನ ಬೆಳಿಗ್ಗೆ ಪ್ರೊಫೆಸರರ ಕೋಣೆಯಲ್ಲಿ ಎಲ್ಲರೂ ಸೇರಿದೆವು.

"ದೇವರಾಜ್, ಸೋಮವಾರ ನಿಮ್ಮ ಮನೇಲಿ ಎತ್ತು ಕಟ್ತಾರಾ?" ಎಂದು ಕೇಳಿದರು ಕಾಮಾಕ್ಷಮ್ಮನವರು.

"ಉಂಟಾ ಅಮ್ಮಾ! ಬಸವಣ್ಣನ ವಾರ ಅಲ್ವಾ? ಅವತ್ತು ನೊಗ ಮುಟ್ಟುದ್ರೆ ನಮ್ಮಪ್ಪ ಸುಮ್ಕೆ ಬುಡ್ತಾನಾ?"

"ನುಗ್ಗೇಹಳ್ಳೀಲೂ ಕಟ್ಟಲ್ಲ," ಎಂದಳು ಕವನಾ ಮೆಲ್ಲಗೆ.

ಕಾಮಾಕ್ಷಮ್ಮನವರು ಪ್ರೊಫೆಸರರತ್ತ ತಿರುಗಿದರು. "ಸೋಮವಾರ ಉಳುಮೆ ಅಂತ ಬರೆಯೋ ತಪ್ಪು ಈ ಇಬ್ಬರ ಕೈಯಲ್ಲಿ ಆಗೋದಿಲ್ಲ, ಸರ್. ಉಳಿದವರು ನೀವೊಬ್ಬರೇ. ಹಳ್ಳಿಗಳಲ್ಲಿ ಬೇಕಾದಷ್ಟು ಕೆಲಸ ಇದೆ, ಬೇಸಾಯದ ತಿಂಗಳುಗಳಲ್ಲಿ ಸರ್ಕಾರದ ಉದ್ಯೋಗ ಖಾತರಿ ಕಾಮಗಾರಿ ನಿಲ್ಲಿಸಬಹುದು ಅನ್ನೋದು ನಿಮ್ಮ ವರದಿ. ಕವನಾ ತಂದ ಹಾಳೆಗಳಲ್ಲಿ ಕೆಲಸವಿಲ್ಲದ ದಿನಗಳಿದ್ದವು. ಅವು ವರದಿಗೆ ಅಡ್ಡ ಬಂದವು. ಖಾಲಿ ಕಂಡಲ್ಲೆಲ್ಲ ಉಳುಮೆ ತುಂಬಿಸಿದಿರಿ. ಮೂಲ ಹಾಳೆ ಉಳಿದರೆ ಸಿಕ್ಕಿಬೀಳ್ತೀನಿ ಅಂತ ಅವನ್ನೂ ತೆಗೆದಿರಿ. ತಪಾಸಣೆ ಬಂದಾಗ ಹುಡುಗಿಯ ತಲೆಗೆ ಕಟ್ಟಿದಿರಿ."

ಪ್ರೊಫೆಸರರು ಬ್ಯಾಗು ತೆರೆದು ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟರು.

"ನಲವತ್ತು ಮನೆ ತಾನೇ ಅಂದ್ಕೊಂಡೆ," ಎಂದರು.

ಕಾಮಾಕ್ಷಮ್ಮನವರು ಫೋನನ್ನು ಅವರ ಮುಂದೆ ತಳ್ಳಿದರು. ವರದಿಯನ್ನೂ ಆರೋಪವನ್ನೂ ವಾಪಸು ಪಡೆಯುವುದಾಗಿ ಪ್ರೊಫೆಸರರೇ ವಿಶ್ವವಿದ್ಯಾಲಯಕ್ಕೆ ಹೇಳಿದರು.

ಕವನಾ ಕಟ್ಟಿನಿಂದ ಒಂದು ಹಾಳೆ ಎಳೆದು ಅವರ ಮುಂದೆ ಹಿಡಿದಳು.

"ಇದು ನಮ್ಮವ್ವಂದು ಸಾ. ಈ ಖಾಲಿ ನಾಕು ದಿನ ಅವ್ಳು ಯಾರಾರಾ ಕೆಲ್ಸಕ್ಕೆ ಕರೀತಾರಾ ಅಂತ ಬಸ್‌ಸ್ಟಾಂಡಲ್ಲಿ ಕೂತಿದ್ಲು."