ಸೀಟಿಯ ಹುರಿ

ಪೇದೆ ಯಾಕೂಬ ಔರಾದ ಠಾಣೆಯ ಹಿಂದೆ ಬೋರಲು ಬಿದ್ದಿದ್ದ. ತಲೆಗೆ ಎರಡು ಏಟು. ಪಕ್ಕದ ಮಾಲಖಾನೆಯ ಬಾಗಿಲು ತೆರೆದಿತ್ತು. ಒಳಗಿಟ್ಟಿದ್ದ ಜಪ್ತಿ ಬೆಳ್ಳಿ ಇರಲಿಲ್ಲ. ಬೀಗ ಒಡೆದಿರಲಿಲ್ಲ. ಕೀಲಿ ಯಾಕೂಬನ ಸೊಂಟದಲ್ಲೇ ಇತ್ತು.

ಸಬ್‌ಇನ್‌ಸ್ಪೆಕ್ಟರ್ ಹಾವಗೆಪ್ಪ ಭಾಲ್ಕಿಯಿಂದ ಬಸ್ಸಿನಲ್ಲಿ ಬಂದಿಳಿದಾಗ ಹೊತ್ತು ನೆತ್ತಿಗೇರಿತ್ತು. ಬೀದರ ಮೈಸೂರು ರಾಜ್ಯಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ಜಿಲ್ಲೆಯನ್ನು ಹರಿದು ಹಂಚಿದಾಗ ಒಂದು ಜೀಪು ಆಚೆಯ ರಾಜ್ಯಕ್ಕೆ ಹೋಗಿತ್ತು. ಉಳಿದದ್ದು ಬೀದರ ಬಿಟ್ಟು ಕದಲುತ್ತಿರಲಿಲ್ಲ. ಪೊಲೀಸನ ಹೆಣ ನೋಡಲು ಪೊಲೀಸನೇ ಕಂಡಕ್ಟರನ ಹತ್ತಿರ ಸೀಟು ಬೇಡಬೇಕು. ಹಾವಗೆಪ್ಪನ ಮೈ ಉರಿಯುತ್ತಿತ್ತು.

ಹೆಣದ ಮೇಲೆ ಹೊಸ ಸಮವಸ್ತ್ರ. ಭುಜದಿಂದಿಳಿದ ಸೀಟಿಯ ಬಿಳಿ ಹುರಿ ಎದೆಯ ಜೇಬಿನೊಳಗೆ ಹೋಗಿತ್ತು. ಜೇಬು ಉಬ್ಬಿತ್ತು.

ಎದುರಿನ ಚಹಾ ಹೋಟೆಲಿನ ಶಿವರಾಜಪ್ಪ ತಾನಾಗಿಯೇ ಸಾಕ್ಷಿ ಹೇಳಲು ಬಂದ.

"ರಾತ್ರಿ ಕಣ್ಣಾರೆ ನೋಡೇನ್ರಿ. ಜೇಬಿಂದ ಸೀಟಿ ತಗದು ಎರಡು ಸಲ ಊದಿದ. ಕಮಲನಗರ ರಸ್ತೆ ಕಡಿಂದ ಯಾರೋ ಬಂದ್ರು. ಇವನೇ ಕೀಲಿ ತಗದ."

ಪಾಲಿಗೆ ಜಗಳವಾಗಿ ಬಂದವರೇ ಹೊಡೆದಿರಬೇಕು ಎಂದ. ಯಾಕೂಬನ ಅಣ್ಣ ಉದಗೀರದಲ್ಲಿದ್ದಾನೆ, ಅದೀಗ ಬೇರೆ ರಾಜ್ಯ, ಬೆಳ್ಳಿ ಅಲ್ಲಿಗೇ ಹೋಗಿರುತ್ತದೆ ಎಂದೂ ಸೇರಿಸಿದ. ಊರೂ ಅದನ್ನೇ ಆಡುತ್ತಿತ್ತು. ಹಾವಗೆಪ್ಪನಿಗೂ ಅದೇ ಸರಿಯೆನಿಸಿತು.

* * *

ಯಾಕೂಬನ ಹೆಂಡತಿ ಮುನವ್ವರ ಬೇಗಂ ಠಾಣೆಯ ಮೆಟ್ಟಿಲ ಮೇಲೆ ಕುಳಿತಿದ್ದಳು.

"ಹ್ವಾದಾಂವ ಹ್ವಾದ ಸಾಬ. ಚೋರ ಅಂತ ಬರೀಬ್ಯಾಡ್ರಿ."

ಸೀಟಿ ಊದಿ ಕಳ್ಳರನ್ನು ಕರೆದವನನ್ನು ಮತ್ತೇನೆಂದು ಬರೆಯಲಿ ಎಂದು ಹಾವಗೆಪ್ಪ ಗದರಿದ.

ಅವಳು ತಲೆಯೆತ್ತಿದಳು. "ಯಾವ ಸೀಟಿ ರೀ?"

ಹಾವಗೆಪ್ಪ ಎದ್ದುಹೋಗಿ ಹೆಣದ ಜೇಬಿನಿಂದ ಹುರಿ ಎಳೆದ. ತುದಿಯಲ್ಲಿ ಸೀಟಿ ಇರಲಿಲ್ಲ. ದಪ್ಪನೆಯ ಹಿತ್ತಾಳೆ ಗುಂಡಿಯೊಂದಿತ್ತು. ಹೈದರಾಬಾದ್ ಕಾಲದ ಹಳೇ ಕೋಟಿನದು. ಔರಾದಕ್ಕೆ ಹುರಿಗಳು ಬಂದಿದ್ದವು, ಸೀಟಿಗಳು ಬಂದಿರಲಿಲ್ಲ. ಖಾಲಿ ಜೇಬು ಕಂಡರೆ ಮಂದಿ ನಗುತ್ತಾರೆಂದು ಅವಳೇ ಅದನ್ನು ಕಟ್ಟಿಕೊಟ್ಟಿದ್ದಳು. ಹಿಂದಿನ ದಿನ ಕೈದಿಯೊಂದಿಗೆ ಬೀದರಕ್ಕೆ ಹೋಗಿ ಈ ಸಂಜೆಯ ಬಸ್ಸಿಗೆ ಮರಳಿದ ಪೇದೆ ಗೋರಖನಾಥ ತನ್ನ ಹುರಿಯನ್ನೂ ಎಳೆದು ತೋರಿಸಿದ. ಅದರ ತುದಿಯಲ್ಲಿ ಬರೀ ಗಂಟು. ಕೇಳಿದಾಗೆಲ್ಲ ಬರುತ್ತವೆ ಎಂಬ ಉತ್ತರವಷ್ಟೇ ಬರುತ್ತಿತ್ತಂತೆ.

* * *

"ಗುಂಡಿ ಊದಿದ್ದು ನೋಡಿದ್ಯಾ, ಶಿವರಾಜಪ್ಪ?"

ಹಾವಗೆಪ್ಪ ಅದನ್ನು ಚಹಾದ ಮೇಜಿನ ಮೇಲಿಟ್ಟ. ಜೇಬಿನಲ್ಲಿ ಸೀಟಿಯಿದೆ ಎಂದು ನಂಬಿದವನು ಮಾತ್ರ ಈ ಸುಳ್ಳು ಕಟ್ಟಬಲ್ಲ. ಸುಳ್ಳು ಕಟ್ಟುವ ಅಗತ್ಯ ಕೊಂದವನಿಗೇ. ದಿನವೂ ಠಾಣೆಗೆ ಚಹಾ ಒಯ್ಯುವವನಿಗೆ ಕೀಲಿ ಎಲ್ಲಿರುತ್ತದೆ, ಯಾಕೂಬ ಯಾವಾಗ ಒಬ್ಬನೇ ಇರುತ್ತಾನೆ ಎಂಬುದೂ ಗೊತ್ತು. ಹೊಡೆದು, ಕೀಲಿ ಬಿಚ್ಚಿ, ಬಾಗಿಲು ತೆಗೆದು, ಕೀಲಿಯನ್ನು ಮತ್ತೆ ಸಿಕ್ಕಿಸಿದ್ದ. ಗೋರಖನಾಥ ಒಲೆಯ ಹಿಂದಿನ ಇದ್ದಲಿನ ರಾಶಿ ಕೆದಕಿದ. ಬೆಳ್ಳಿ ಸಿಕ್ಕಿತು.

"ಒಂದs ಏಟು ಹಾಕಿದ್ದೆ ರೀ," ಎಂದ ಶಿವರಾಜಪ್ಪ, ನೆಲ ನೋಡುತ್ತ. "ಜೀವ ಇತ್ತು. ಎದಿ ಮ್ಯಾಲ ಕೈ ಇಟ್ಕೊಂಡ. ಸೀಟಿ ಊದ್ತಾನ, ಊರು ಕೂಡ್ತದ ಅಂತ ಇನ್ನೊಂದು ಹಾಕಿದೆ."

ಹಾವಗೆಪ್ಪ ಮೇಜಿನ ಮೇಲಿದ್ದ ಗುಂಡಿಯನ್ನು ಹುರಿಸಮೇತ ಎತ್ತಿಕೊಂಡ.

* * *

ಕರ್ತವ್ಯದ ಮೇಲೆ ಸತ್ತನೆಂದು ಬರೆದಿದ್ದೇನೆ ಎಂದು ಹಾವಗೆಪ್ಪ ಮುನವ್ವರ ಬೇಗಂಗೆ ತಿಳಿಸಿದ. ಅವಳು ಕೈ ಚಾಚಿದಳು.

"ಹುರಿ ಸರ್ಕಾರದ್ದು, ಇಟ್ಕೋರಿ. ಗುಂಡಿ ನಮ್ಮದು."

ಎರಡನೆಯ ಏಟು ಯಾಕೆ ಬಿತ್ತೆಂದು ಅವನು ಹೇಳಲಿಲ್ಲ. ತಲೆ ತಗ್ಗಿಸಿ ಗಂಟು ಬಿಚ್ಚತೊಡಗಿದ. ಅವಳು ಬಿಗಿಯಾಗಿಯೇ ಕಟ್ಟಿದ್ದಳು.