ಎರಡು ಸಲ ಅಡ್ಡವಾದ ತಂತಿ

"ತಗೊಳ್ಳಿ ನಿಮ್ಮ ಅಡಾಪ್ಟರು! ಹಣೆಗೆ ಅಂಟಿಸ್ಕೊಂಡು ಕೂತ್ಕೊಳ್ಳಿ!"

ರಗ್ದಾ ಅದನ್ನೂ ತಾನು ತಂದಿದ್ದ ಸರ್ಕ್ಯೂಟ್ ಬೋರ್ಡನ್ನೂ ಕೌಂಟರ್ ಮೇಲೆ ಕುಕ್ಕಿದ ರಭಸಕ್ಕೆ ಹೈಸಮ್‌ನ ಚಹಾ ತುಳುಕಿತು. ಕೈರೋದ ಬಾಬ್ ಅಲ್-ಲೂಕ್‌ನಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗ ಮಾರುವವನಿಗೆ ಸಿಟ್ಟಿನ ಗಿರಾಕಿಗಳೇನೂ ಹೊಸಬರಲ್ಲ. ಆದರೆ ಬರಲಿಕ್ಕಿಲ್ಲ ಎಂದು ಗೊತ್ತಿದ್ದೂ ಬೆಳಗಿನಿಂದ ಅವನು ದಾರಿ ಕಾದದ್ದು ಇವಳಿಗಾಗಿ. ಬಂದಳು... ಕೆಂಡವಾಗಿ ಬಂದಳು!

"ಏನಾಯ್ತು, ಇಂಜಿನಿಯರಮ್ಮಾ?"

"ಹಾಗನ್ಬೇಡಿ, ಮೈ ಉರಿಯುತ್ತೆ! ಈ ಅಡಾಪ್ಟರ್ ಮೂಲಕ ಕಂಪ್ಯೂಟರ್ ಏನು ಕಳ್ಸಿದ್ರೂ ನನ್ನ ಬೋರ್ಡ್ ಕಮಕ್ ಕಿಮಕ್ ಅನ್ನಲ್ಲ. ಪ್ರೋಗ್ರಾಂ ಹೋಗ್ತಾನೇ ಇಲ್ಲ. ನಕಲಿ ಮಾಲು ಮಾರೋಕೆ ನಾನೇ ಸಿಕ್ಕಿದ್ನಾ?"

ಹೈಸಮ್‌ನ ಮುಖವೂ ಕೆಂಪಾಯಿತು. "ನನ್ನ ಅಂಗಡೀಲಿ ನಕಲಿ ಇಲ್ಲ! ನೀವೇ ತಂತಿ ತಪ್ಪು ಸಿಕ್ಕಿಸಿರ್ತೀರ."

"ನಾನಾ? ಮನೇಲಿ ಅಪ್ಪ ಒಬ್ರೇ ಇದಾರೆ, ಗೊತ್ತಾ ನಿಮಗೆ?"

ಅವಳ ಅಪ್ಪನಿಗೆ ವಾಸನೆ ತಿಳಿಯುವುದಿಲ್ಲ. ಮೊನ್ನೆ ಅವರೆಕಾಳಿನಂಥ ಫೂಲ್ ಉಕ್ಕಿ ಒಲೆ ಆರಿ, ಅಡುಗೆಮನೆ ತುಂಬ ಗ್ಯಾಸ್ ತುಂಬಿದ್ದರೂ ಆ ಮನುಷ್ಯ ರೇಡಿಯೋ ಕೇಳುತ್ತ ಕುಳಿತಿದ್ದ! ಅವಳು ಬರುವುದು ಸ್ವಲ್ಪ ತಡವಾಗಿದ್ದರೆ...? ಅದಕ್ಕೇ ಅವಳು ಗ್ಯಾಸ್ ಮೂಸಿ ಕೂಗುವ ಅಲಾರಂ ಕಟ್ಟುತ್ತಿದ್ದಳು.

ಹೈಸಮ್ ಅವಳ ಬೋರ್ಡನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡ.

"ಅಡಾಪ್ಟರಿನ ಈ ಪಿನ್ ಕಾಲನ್ನ ಎಲ್ಲಿಗೆ ಸೇರಿಸಿದ್ರಿ?"

"ಅದಕ್ಕೆ ನೀವು ಅಂಟಿಸಿದ ಚೀಟೀಲಿ 'ಕಳಿಸುವುದು' ಅಂತಿತ್ತು. ಇದು ಕಳಿಸಿದ್ದನ್ನ ಬೋರ್ಡ್ ಕೇಳ್ಬೇಕಲ್ವಾ? ಬೋರ್ಡಿನ 'ಪಡೆಯುವ' ಕಾಲಿಗೆ ಸೇರಿಸ್ದೆ. ಅಷ್ಟೂ ಗೊತ್ತಾಗಲ್ವಾ ನನಗೆ?"

ಹೈಸಮ್ ಹಣೆ ಚಚ್ಚಿಕೊಂಡ.

"ಅಯ್ಯೋ! ಇದು ಅಡಾಪ್ಟರಿನ ಪಡೆಯುವ ಕಾಲು; ನಿಮ್ಮ ಬೋರ್ಡಿನ ಕಳಿಸುವ ತಂತಿ ಇಲ್ಲಿಗೆ ಬರಲಿ ಅಂತ ಹಾಗೆ ಬರೆದಿದ್ದೆ. ನೀವು ಗೊಂದಲ ಮಾಡ್ಕೋಬಾರ್ದು ಅಂತ ನಾನೇ ಮೊದಲು ಅಡ್ಡ ಹಾಕಿ, ಅದಲುಬದಲು ಮಾಡಿ ಬರೆದೆ. ನೀವು ಇನ್ನೊಂದು ಸಲ ಅಡ್ಡ ಹಾಕಿದ್ರಿ!"

"ಅಂದ್ರೆ... ಕೇಳೋ ಕಿವಿಗೆ ಕೇಳೋ ಕಿವಿಯನ್ನೇ ಕಟ್ಟಿದ್ವಾ?"

"ಹ್ಞೂಂ."

"ಯಾರು ಹೇಳಿದ್ರು ಈ ಅಧಿಕಪ್ರಸಂಗ ಮಾಡೋಕೆ? ಎಲ್ಲ ಗಿರಾಕಿಗಳಿಗೂ ಹೀಗೇ ಚೀಟಿ ಅಂಟಿಸ್ತೀರಾ?"

"ಇಲ್ಲ." ಅವನು ತಲೆಯೆತ್ತಲಿಲ್ಲ. "ಯಾರಿಗೂ ಅಂಟಿಸಲ್ಲ. ತಂತಿ ಗೊತ್ತಾಗದೆ ಎಲ್ರೂ ಮತ್ತೆ ಕೇಳೋಕೆ ಬರ್ತಾರೆ. ಚೀಟಿ ಅಂಟಿಸಿದ್ರೆ ನೀವು ಮತ್ತೆ ಬರಲ್ಲ ಅಂತ ಗೊತ್ತಿತ್ತು... ಆದ್ರೂ ನಿಮಗೆ ತೊಂದ್ರೆ ಆಗ್ಬಾರ್ದು ಅಂತ ಅಂಟಿಸ್ದೆ."

'ಇದನ್ನ ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ನಾ ಈ ಮಹಾಶಯ?' ರಗ್ದಾಳಿಗೆ ಇನ್ನೂ ಸಿಟ್ಟು ಬಂತು!

ಅವನು ಎರಡೂ ತಂತಿ ಅದಲುಬದಲು ಮಾಡಿದ. ಈ ಸಲ ಪ್ರೋಗ್ರಾಂ ಸರಾಗವಾಗಿ ಹೋಯಿತು. ಲೈಟರಿನಿಂದ ಬೆಂಕಿ ಹೊತ್ತಿಸದೆ ಬರೀ ಗ್ಯಾಸ್ ಬಿಟ್ಟಾಗ ಅಲಾರಂ ಓಣಿಗೇ ಕೇಳುವಂತೆ ಕಿರುಚಿಕೊಂಡಿತು.

"ಏನಯ್ಯಾ ಹೈಸಮ್, ಮದುವೆ ದಿಬ್ಬಣ ಹೊರಟಿತಾ?" ಪಕ್ಕದ ಅಂಗಡಿಯವನು ಕೂಗಿದ.

ರಗ್ದಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಎಷ್ಟು ದಿನದ ಹೆದರಿಕೆಯೋ!

"ಇನ್ನು ನಿಮ್ಮಪ್ಪನ ಬಗ್ಗೆ ಭಯ ಬೇಡ," ಅಂದ ಹೈಸಮ್.

"ಅಪ್ಪನ ಭಯ ಹೋಯ್ತು." ಅವಳು ಕಣ್ಣೊರೆಸಿಕೊಂಡಳು. "ಆದ್ರೆ ಈ ಅಂಗಡಿಗೆ ಬರೋಕೆ ಇನ್ನು ನನಗೆ ನೆಪ ಯಾವ್ದಿದೆ?"

ಹೈಸಮ್ ಅಡಾಪ್ಟರನ್ನು ಅವಳ ಕೈಗಿಟ್ಟ. "ನೀವ್ಯಾಕೆ ಬರ್ಬೇಕು...? ಬರೋ ಗುರುವಾರ ಅಮ್ಮನ್ನ ಕರ್ಕೊಂಡು ನಾನೇ ಬರ್ತೀನಿ. ನಿಮ್ಮಪ್ಪನ ಹತ್ರ ನಿಮ್ಮನ್ನ ಕೇಳೋಕೆ."

ಅವಳು ಕಣ್ಣು ಕೆಂಪು ಮಾಡಿ ಅವನನ್ನೇ ದುರುಗುಟ್ಟಿ ನೋಡಿದಳು.

"ಗುರುವಾರಾನಾ? ನಾಳೆ ಬರೋಕೆ ಏನು ದಾಡಿ ನಿನಗೆ?"

ನಿನಗೆ! ಹೈಸಮ್‌ನ ಮುಖ ಅರಳಿತು.

"ಬರ್ತೀನಿ ಕಣೇ," ಅಂದ. "ನಾಳೇನೇ ಬರ್ತೀನಿ."